ಪ್ರಾಗ್‌ನ ಹಳೇ ಪೇಟೆಯಲ್ಲಿ ಅಮ್ಮನ ಜೊತೆ ಎರಡು ದಿನ

ಜೆಕ್ ದೇಶದ ರಾಜಧಾನಿ ಪ್ರಾಗ್‌ನಲ್ಲಿ ಒಂದೊಂದು ಮನೆಗೂ ಎರಡೆರಡು ನಂಬರ್ ಇರುತ್ತವೆ. ಒಂದು ಕೆಂಪು ಫಲಕದಲ್ಲಿ, ಇನ್ನೊಂದು ನೀಲಿ ಫಲಕದಲ್ಲಿ. ಬೀದಿಯ ಸಾಲಿನಲ್ಲಿ ಎಷ್ಟನೇ ಮನೆ ಅಂತ ಹೇಳುವುದು ನೀಲಿ ನಂಬರ್. ನಾನು ಚೀಟಿಯಲ್ಲಿ ಬರೆದುಕೊಂಡಿದ್ದು ಕೆಂಪು ನಂಬರ್ ಮಾತ್ರ. ಹಾಗಾಗಿ ಮೇ ತಿಂಗಳ ಮೊದಲ ವಾರದ ಒಂದು ಸಂಜೆ ಎರಡು ಸೂಟ್‌ಕೇಸ್ ಎಳೆದುಕೊಂಡು ಅದೇ ಬೀದಿಯನ್ನು ಮೂರು ಸಲ ಸುತ್ತಿದೆ, ಹಿಂದೆ ಅಮ್ಮ. ನೆಲವೆಲ್ಲ ಕಲ್ಲುಹಾಸು, ಕಲ್ಲು ಕಲ್ಲಿಗೂ ನಡುವೆ ಸಂದು. ಮೂರನೇ ಸುತ್ತಿಗೆ ಒಂದು ಸೂಟ್‌ಕೇಸಿನ ಚಕ್ರ ಕಿತ್ತೇ ಹೋಯಿತು. ವಿಳಾಸದಲ್ಲಿ ಅಡ್ಡಗೀಟಿನ ಆಚೀಚೆ ಎರಡು ಸಂಖ್ಯೆ ಕಂಡರೆ ಎರಡನೆಯದನ್ನು ಹುಡುಕಿ. ಸಾಮಾನು ಆದಷ್ಟೂ ಬೆನ್ನಿಗೆ ಹಾಕುವ ಬ್ಯಾಗಿನಲ್ಲೇ ಇರಲಿ. ಅಡಿ ತೆಳುವಾದ ಚಪ್ಪಲಿಯಂತೂ ಬೇಡವೇ ಬೇಡ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲೂ ಏಟು ತಿಂದಿದ್ದೇನೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಒಂದಿದ್ದರೆ ಒಳಗೆ ಹೋಗಬಹುದು ನಿಜ, ಆದರೆ ಅಲ್ಲಿನ ಹಣ ಯೂರೋ ಅಲ್ಲ, ಕೊರುನಾ. ಪೇಟೆ ಬೀದಿಯ ಒಂದು ಅಂಗಡಿಯಲ್ಲಿ "ಕಮಿಷನ್ ಇಲ್ಲ" ಅಂತ ದೊಡ್ಡದಾಗಿ ಬರೆದಿತ್ತು. ನೂರು ಯೂರೋ ಕೊಟ್ಟೆ, ಕೈಗೆ ಬಂದಿದ್ದು ನೋಡಿ ಹೊಟ್ಟೆ ಉರಿಯಿತು. ಕಮಿಷನ್ ಇಲ್ಲ, ಆದರೆ ದರದಲ್ಲೇ ಬೋಳಿಸುತ್ತಾರೆ. ರಸೀದಿ ಇಟ್ಟುಕೊಂಡರೆ ಮೂರು ಗಂಟೆಯೊಳಗೆ ವಾಪಸ್ ಹೋಗಿ ಆ ವ್ಯವಹಾರವನ್ನೇ ರದ್ದು ಮಾಡಿಸುವ ಹಕ್ಕು ಅಲ್ಲಿನ ಕಾನೂನಿನಲ್ಲೇ ಇದೆಯಂತೆ, ನನಗೆ ಗೊತ್ತಾಗಿದ್ದು ಮರುದಿನ. ನೀವು ಸುಮ್ನೆ ಯಾವುದಾದರೂ ಬ್ಯಾಂಕಿನ ಎಟಿಎಂನಲ್ಲಿ ತೆಗೆಯಿರಿ. ಮಷೀನು "ರೂಪಾಯಿ ಲೆಕ್ಕದಲ್ಲಿ ಕಡಿತ ಮಾಡಲೇ?" ಅಂತ ಕೇಳಿದರೆ ಬೇಡ ಅನ್ನಿ. ಚಿಲ್ಲರೆ ಜೇಬಿನಲ್ಲಿರಲಿ, ಶೌಚಾಲಯಕ್ಕೆ ಬೇಕಾಗುತ್ತದೆ. ನೀರು ಕೊಳ್ಳಬೇಡಿ, ನಲ್ಲಿ ನೀರು ಚೆನ್ನಾಗಿದೆ.

ಇನ್ನು ನಡಿಗೆ. ಎಲ್ಲರೂ ಹಳೇ ಪೇಟೆಯಿಂದ ಹೊರಟು, ಚಾರ್ಲ್ಸ್ ಸೇತುವೆ ದಾಟಿ, ಕೋಟೆಗೆ ಏರುತ್ತಾರೆ. ಹಿಂದೆ ರಾಜರ ಪಟ್ಟಾಭಿಷೇಕದ ಮೆರವಣಿಗೆ ಹೋಗುತ್ತಿದ್ದ ದಾರಿ ಅದು. ರಾಜರು ಕುದುರೆ ಮೇಲೆ ಹೋಗುತ್ತಿದ್ದರು, ನನ್ನ ಅಮ್ಮನಿಗೆ 66 ವರ್ಷ, ಮಂಡಿ ನೋವು. ಹಾಗಾಗಿ ನಾವು ಆ ದಾರಿಯಲ್ಲಿ ಸೇತುವೆಯನ್ನು ಮಾತ್ರ ನಡೆದು ದಾಟಿದೆವು. ಏರು ಟ್ರಾಮಿನ ಪಾಲಿಗೆ, ಇಳಿಜಾರು ಕಾಲಿನ ಪಾಲಿಗೆ.

ಬೆಳಗ್ಗೆ ಆರಕ್ಕೆ ಸೇತುವೆ ಮೇಲಿದ್ದೆವು. ಮೇ ತಿಂಗಳಲ್ಲಿ ಅಷ್ಟು ಹೊತ್ತಿಗೆ ಒಳ್ಳೇ ಬೆಳಕು. 1357ರಲ್ಲಿ ಕಟ್ಟಲು ಶುರು ಮಾಡಿದ, ಅರ್ಧ ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಉದ್ದದ ಸೇತುವೆ, ಎರಡೂ ಬದಿಗೆ ಸೇರಿ 30 ವಿಗ್ರಹ. ಇವತ್ತು ಅಲ್ಲಿ ನಿಂತಿರುವುದು ಬಹುತೇಕ ನಕಲುಗಳು. ನೆಪೊಮುಕ್‌ನ ಜಾನ್ ಅನ್ನುವ ಪಾದ್ರಿಯನ್ನು 1393ರಲ್ಲಿ ವಲ್ತಾವಾ ನದಿಗೆ ಎಸೆದರು. ಅವನ ವಿಗ್ರಹದ ಕೆಳಗಿನ ಕಂಚಿನ ಫಲಕವನ್ನು ಜನ ಮುಟ್ಟಿ ಮುಟ್ಟಿ ಒಂದು ಜಾಗ ಚಿನ್ನದ ಹಾಗೆ ಹೊಳೆಯುತ್ತದೆ. ಅಮ್ಮ ಯಾರನ್ನೂ ಕೇಳದೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಹತ್ತು ಗಂಟೆ ಮೇಲೆ ಬಂದರೆ ಮುಟ್ಟುವುದಕ್ಕೂ ಕ್ಯೂ.

ಸೇತುವೆ ಇಳಿದು ಸ್ವಲ್ಪ ನಡೆದರೆ ಮಾಲಾ ಸ್ತ್ರಾನಾ ಚೌಕ. ಅಲ್ಲಿ 22ನೇ ನಂಬರ್ ಟ್ರಾಮ್ ಹತ್ತಿ "ಪ್ರಾಷ್ಸ್ಕಿ ಹ್ರಾದ್" ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ಕೋಟೆಗೆ ಏರು ಇಲ್ಲ. ಕಾಗದದ ಟಿಕೆಟ್ ಆದರೆ ಹತ್ತಿದ ತಕ್ಷಣ ಹಳದಿ ಮಷೀನಿನಲ್ಲಿ ಮುದ್ರೆ ಒತ್ತಿಸಲೇಬೇಕು. ಒತ್ತಿಸದಿದ್ದರೆ ಟಿಕೆಟ್ ಕೈಯಲ್ಲಿದ್ದೂ ದಂಡ. ಕೋಟೆಯ ಅಂಗಳಗಳಲ್ಲಿ ಓಡಾಡುವುದಕ್ಕೆ ದುಡ್ಡಿಲ್ಲ. ಸೇಂಟ್ ವೈಟಸ್ ಚರ್ಚನ್ನು 1344ರಲ್ಲಿ ಶುರು ಮಾಡಿ 1929ರಲ್ಲಿ ಮುಗಿಸಿದರು ಅಂದಾಗ ಅಮ್ಮ, "ನಮ್ಮ ಮನೆ ಮಹಡಿ ಹಾಗೇ ಆಯ್ತಲ್ಲೋ" ಅಂದರು.

ಇಳಿಯಲು ನೆರುಡೋವಾ ಬೀದಿ ಹಿಡಿಯಿರಿ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದೇ. ಬಾಗಿಲ ಮೇಲುಗಡೆ ನೋಡುತ್ತಾ ಬನ್ನಿ. ಒಂದು ಮನೆ ಮೇಲೆ ಮೂರು ಪಿಟೀಲು, ಒಂದರ ಮೇಲೆ ಎರಡು ಸೂರ್ಯ. 1770ರಲ್ಲಿ ಮನೆಗಳಿಗೆ ನಂಬರ್ ಹಾಕುವವರೆಗೂ ಈ ಗುರುತುಗಳೇ ವಿಳಾಸ. ನಮ್ಮೂರಲ್ಲಿ ಈಗಲೂ ಬಾವಿ ಮನೆ, ಮೇಲಿನ ಮನೆ ಅನ್ನುತ್ತೇವಲ್ಲ, ಹಾಗೆಯೇ. ಆಮೇಲೆ ಬಂದ ಆ ನಂಬರ್ ಪದ್ಧತಿಯಿಂದಲೇ ಹುಟ್ಟಿದ್ದು ನನ್ನನ್ನು ಸುತ್ತಾಡಿಸಿದ ಕೆಂಪು ಫಲಕ!

ಎರಡನೇ ದಿನ ಪೂರ್ತಿ ಹಳೇ ಪೇಟೆಗೇ ಇಡಿ. 1410ರ ಖಗೋಳ ಗಡಿಯಾರದ ಮುಂದೆ ಬೆಳಗ್ಗೆ ಒಂಬತ್ತರಿಂದ ಗಂಟೆಗೊಂದು ಸಲ ಜನ ಮೊಬೈಲ್ ಎತ್ತಿ ನಿಲ್ಲುತ್ತಾರೆ. ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಕಿಟಕಿಯಲ್ಲಿ ಗೊಂಬೆಗಳು ಸಾಗುತ್ತವೆ, ಕೋಳಿ ಕೂಗುತ್ತದೆ, ಮುಗಿಯಿತು. ಇಷ್ಟೇನಾ ಅನ್ನಿಸುತ್ತದೆ. ಜನ ಚದುರಿದ ಮೇಲೆ ಗಡಿಯಾರದ ಮುಖ ನೋಡಿ, ಮಜಾ ಇರುವುದು ಅಲ್ಲಿ. ಅದರಲ್ಲಿ ಹನ್ನೆರಡು ರಾಶಿಗಳ ಒಂದು ಬಳೆ, ಅದರ ಮೇಲೆ ಚಲಿಸುವ ಚಿನ್ನದ ಸೂರ್ಯ. ಸೂರ್ಯ ವೃಷಭದಲ್ಲಿದ್ದಾನೆ ಅಂತ ನಾನು ತೋರಿಸಿದೆ. ಅಮ್ಮ ಒಪ್ಪಲಿಲ್ಲ. "ತಪ್ಪು ಕಣೋ, ಇನ್ನೂ ಮೇಷ ಮಾಸ ಮುಗಿದಿಲ್ಲ" ಅಂದರು. ಇಬ್ಬರದೂ ಸರಿ. ಅವರ ಲೆಕ್ಕಕ್ಕೂ ನಮ್ಮ ಪಂಚಾಂಗಕ್ಕೂ ಸುಮಾರು 24 ದಿನದ ವ್ಯತ್ಯಾಸ ಇದೆ. ಇದನ್ನು ಅಲ್ಲೇ ನಿಂತು ಬಿಡಿಸಿ ಹೇಳುವಷ್ಟರಲ್ಲಿ ಮುಂದಿನ ಕೋಳಿಯೂ ಕೂಗಿತು.

ಪಕ್ಕದಲ್ಲೇ ನೆಲದ ಕಲ್ಲಿನಲ್ಲಿ 27 ಬಿಳಿ ಶಿಲುಬೆಗಳಿವೆ. 1621ರ ಜೂನ್ 21ರಂದು ಚಕ್ರವರ್ತಿಯ ವಿರುದ್ಧ ದಂಗೆ ಎದ್ದ 27 ಜನರನ್ನು ಅಲ್ಲೇ ಕೊಂದರು. ತುಳಿದುಕೊಂಡು ಹೋಗುವವರೇ ಜಾಸ್ತಿ, ನಾವೂ ಮೊದಲು ತುಳಿದೇ ಹೋಗಿದ್ದೆವು.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಎರಡು ಮಾತು. "ಬೆಜ್ ಮಸಾ" ಅಂದರೆ ಮಾಂಸ ಇಲ್ಲದ್ದು. ಕರಿದ ಚೀಸ್ ಎಲ್ಲಾ ಕಡೆ ಸಿಗುತ್ತದೆ, ಆದರೆ ಮೇಲಿನ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ತರಕಾರಿ ಸೂಪ್ ಅಂದರೂ ಮಾಂಸದ ಸಾರಿನಲ್ಲಿ ಮಾಡಿದ್ದಾ ಅಂತ ಕೇಳಿಯೇ ಕುಡಿಯಿರಿ. ಬೀದಿ ಬೀದಿಯಲ್ಲಿ ಸಿಗುವ, ಕೋಲಿಗೆ ಸುತ್ತಿ ಸುಟ್ಟ ಸಿಹಿ ಬ್ರೆಡ್ಡನ್ನು ಹಳೇ ಜೆಕ್ ತಿಂಡಿ ಅಂತ ಮಾರುತ್ತಾರೆ, ಹಳೇದೇನಲ್ಲ, ಒಂದು ಸಲಕ್ಕೆ ಸಾಕು. ಅಮ್ಮನನ್ನು ಕಾಪಾಡಿದ್ದು ಸೂಪರ್ ಮಾರ್ಕೆಟ್ಟಿನ ಮೊಸರು. ಡಬ್ಬಿ ಮೇಲೆ "ಬೀಲಿ ಯೋಗುರ್ಟ್" ಅಂತ ಇರಬೇಕು, ಬೀಲಿ ಅಂದರೆ ಬಿಳಿ, ಮರೆಯೋದೇ ಇಲ್ಲ ಅಲ್ವಾ. ಬೇರೆ ಡಬ್ಬಿ ತೆಗೆದರೆ ಒಳಗೆ ಸ್ಟ್ರಾಬೆರಿ ಇರುತ್ತದೆ, ಪುಳಿಯೋಗರೆ ಗೊಜ್ಜಿನ ಪಕ್ಕ ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ?