ಎರಡು ವರ್ಷ ಹಾಕ್ಸ್ರಿ, ಪೂರಾ ಬ್ಯಾಡ್ರಿ

"ಒಂದೆರಡು ವರ್ಷ ಹಾಕ್ಸ್ರಿ ಸರ. ಪೂರಾ ಬ್ಯಾಡ್ರಿ."

ಸೋಮವಾರ ಗಂಗಾವತಿ ಕೋರ್ಟಿನ ವರಾಂಡದಲ್ಲಿ ಕಿವಿಗೆ ಬಿದ್ದ ಈ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಆಡಿದವಳು ನಮ್ಮ ಮೋಟರಿನ ಕೇಬಲ್ ಕದ್ದವನ ಹೆಂಡತಿ. ಆಡಿದ್ದು ಸರಕಾರಿ ವಕೀಲರ ಮುಂದಲ್ಲ, ತನ್ನ ಗಂಡನ ಪರ ನಿಂತ ಹುಡುಗ ವಕೀಲನ ಮುಂದೆ. ಅವನು ಪಾಪ, ಕಾನೂನು ಸೇವಾ ಪ್ರಾಧಿಕಾರದಿಂದ ನೇಮಕವಾಗಿ ಬಂದವನು. ಬಿಡಿಸಿಕೊಡಿ ಅಂತ ಕಾಲಿಗೆ ಬೀಳುವವರನ್ನು ಕಂಡಿರುತ್ತಾನೆ. ಇಷ್ಟೇ ವರ್ಷ ಹಾಕಿಸಿ ಅನ್ನುವ ಕಕ್ಷಿದಾರಳನ್ನು ಕಂಡಿರಲಿಕ್ಕಿಲ್ಲ, ಫೈಲು ತಿರುವುತ್ತ ನಿಂತುಬಿಟ್ಟ.

ನಾನು ಹೋಗಿದ್ದು ಸಾಕ್ಷಿ ಹೇಳಲಿಕ್ಕೆ. ಕಾಲುವೆಯ ಕೊನೇ ಭಾಗದ ಹೊಲ ನಮ್ಮದು, ತುಂಗಭದ್ರೆಯ ನೀರು ನಮ್ಮ ತನಕ ಬಂದರೆ ಬಂತು. ಅದಕ್ಕೇ ಹಳ್ಳಕ್ಕೆ ಮೋಟರು ಕೂರಿಸಿದ್ದು. ಸಸಿಮಡಿ ಹಾಕಿದ ವಾರವೇ ಕೇಬಲ್ ಹೋಯಿತು. ಮಡಿ ಒಣಗಿ, ಪಕ್ಕದೂರಿನಿಂದ ಸಸಿ ಕೊಂಡು ತಂದು ನಾಟಿ ಮಾಡಿಸಿದ ಖರ್ಚು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದ್ದರಿಂದ ಕಳ್ಳನ ಮೇಲೆ ಕನಿಕರ ಇಟ್ಟುಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ ನಾನು.

ಮುದ್ದಾಮಾಲು ಅಂತ ಗೋಣಿಚೀಲ ಬಿಚ್ಚಿದರು. ಅರಗಿನ ಮುದ್ರೆ, ಪಂಚರ ಸಹಿಯ ಚೀಟಿ, ಒಳಗೆ ರಬ್ಬರು ಸುಟ್ಟು ಕಪ್ಪಾದ ತಾಮ್ರದ ತಂತಿಯ ಸಿಂಬಿ. ಗುರುತಿಸ್ತೀರಾ ಅಂತ ಕೇಳಿದರು. ಸುಟ್ಟ ತಾಮ್ರಕ್ಕೆ ಯಾವ ಗುರುತು? ಕೆದಕಿ ನೋಡಿದರೆ ಒಂದು ಕಡೆ ಜಾಯಿಂಟು, ಎಡಕ್ಕೆ ತಿರುಚಿ ತುದಿ ಮಡಚಿದ್ದು. ನಾನೇ ಹಾಕಿದ್ದು. ನಂದೇ ಅಂದೆ. ಹೊರಗೆ ಬಂದಾಗ ಆರೋಪಿ ಪೊಲೀಸರ ನಡುವೆ ನಿಂತಿದ್ದ. "ನಮಸ್ಕಾರ್ರಿ ಸರ. ಬೆಳಿ ಹೆಂಗ ಬಂತ್ರಿ?" ಅಂದ. ಚೇಷ್ಟೆಗೆ ಅಂದನೋ, ನಿಜಕ್ಕೂ ಕೇಳಿದನೋ. ಬಾಯಿ ತಪ್ಪಿ "ಪರವಾಗಿಲ್ಲಪ್ಪ" ಅಂದುಬಿಟ್ಟೆ.

ಜೊತೆಗಿದ್ದ ಪೇದೆಗೆ ಅದು ಸರಿಬರಲಿಲ್ಲ. "ಇವ ಹಳೇ ಗಿರಾಕಿ ರಿ. ಮುಂಚೇನೂ ಶಿಕ್ಷೆ ಆಗೈತಿ. ಈ ಸಲ 13ನೇ ಕಲಮು ಹಾಕಿಸ್ತೀವಿ. ಜೀವಾವಧಿ!" ಅಂದ. ಅದನ್ನು ಕೇಳಿಯೇ ಆ ಹೆಣ್ಣುಮಗಳು ವಕೀಲನ ಬೆನ್ನು ಹತ್ತಿದ್ದು. ಪೇದೆ ಅಷ್ಟಕ್ಕೇ ನಿಲ್ಲಿಸಲಿಲ್ಲ, "ಇವರ ಕುಲಾನೇ ಹಂಗ" ಅಂತಲೂ ಸೇರಿಸಿದ. 1871ರಲ್ಲಿ ಬ್ರಿಟಿಷರು ಹೀಗೇ ಹೇಳಿ ಇಡೀ ಜಾತಿಗಳನ್ನೇ ಅಪರಾಧಿಗಳ ಪಟ್ಟಿಗೆ ಬರೆದರು. ಆ ಕಾಯ್ದೆ 1952ರಲ್ಲಿ ರದ್ದಾಯಿತು. ಪೇದೆಯ ಬಾಯಲ್ಲಿ ರದ್ದಾಗಿಲ್ಲ.

ಮನೆಗೆ ಬಂದು ಆ 13 ಏನು ಅಂತ ಹುಡುಕಿ ಓದಿದೆ. ಪೇದೆ ಸುಳ್ಳು ಹೇಳಿರಲಿಲ್ಲ. 1860ರ ದಂಡಸಂಹಿತೆಯ 75ನೇ ಕಲಮೇ 2024ರ ಜುಲೈ 1ರಿಂದ ನ್ಯಾಯ ಸಂಹಿತೆಯಲ್ಲಿ 13 ಆಗಿ ಕೂತಿದೆ. ಮೂರು ವರ್ಷ ಅಥವಾ ಮೇಲ್ಪಟ್ಟು ಶಿಕ್ಷೆ ಇರುವ ಆಸ್ತಿ ಅಪರಾಧದಲ್ಲಿ ಒಮ್ಮೆ ಶಿಕ್ಷೆಯಾದವನು ಮತ್ತೆ ಅಂಥದ್ದೇ ಮಾಡಿದರೆ ಹತ್ತು ವರ್ಷದವರೆಗೆ, ಇಲ್ಲವೇ ಜೀವಾವಧಿ. ಸಾದಾ ಕಳ್ಳತನಕ್ಕೂ ಮೂರು ವರ್ಷದವರೆಗೆ ಇರುವುದರಿಂದ ಅದೂ ಇದರೊಳಗೆ ಬಂತು. ಕೈ ಎತ್ತಿರಬೇಕು, ಚಾಕು ತೋರಿಸಿರಬೇಕು ಅನ್ನುವ ಷರತ್ತೇ ಇಲ್ಲ. ಇದೇ ಸಂಹಿತೆ ಐದು ಸಾವಿರದೊಳಗಿನ ಮಾಲಿಗೆ ಮೊದಲ ಸಲ ಶಿಕ್ಷೆಯಾಗುವವನು ಅದನ್ನು ವಾಪಸ್ ಕೊಟ್ಟರೆ ಸಮುದಾಯ ಸೇವೆ ಸಾಕು ಅನ್ನುತ್ತದೆ. ಎರಡನೇ ಸಲಕ್ಕೆ ಒಂದರಿಂದ ಐದು ವರ್ಷ ಅಂತ 303ರಲ್ಲಿ ಬೇರೆಯಾಗಿಯೇ ಇದೆ. ಅಷ್ಟಿದ್ದೂ 13 ಯಾಕೆ ಬೇಕಿತ್ತು?

ಹದಿನಾಲ್ಕು ವರ್ಷಕ್ಕೆ ಬಿಡ್ತಾರೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಕಾನೂನಿನ ಲೆಕ್ಕದಲ್ಲಿ ಜೀವಾವಧಿ ಅಂದರೆ ಉಸಿರಿರುವ ತನಕ. ಅದಕ್ಕಿಂತ ಮೊದಲು ಬಿಡುವುದು ಸರಕಾರದ ಮರ್ಜಿ.

ಅಮೆರಿಕದವರು ಇದನ್ನು ಕಾಗದದಲ್ಲಿ ಬಿಡದೆ ಮಾಡಿಯೂ ನೋಡಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಮೂರನೇ ಸಲಕ್ಕೆ ಜೀವಾವಧಿ ಅನ್ನುವ ಕಾಯ್ದೆ ಬಂತು. ಮೂರು ಗಾಲ್ಫ್ ಕೋಲು ಕದ್ದವನಿಗೆ 25 ವರ್ಷದಿಂದ ಜೀವಾವಧಿ. ಒಂಬತ್ತು ವಿಡಿಯೊ ಕ್ಯಾಸೆಟ್ ಕದ್ದವನಿಗೆ ಕನಿಷ್ಠ 50 ವರ್ಷ. ಎರಡನ್ನೂ ಅಲ್ಲಿನ ಸುಪ್ರೀಂ ಕೋರ್ಟು 2003ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಎತ್ತಿಹಿಡಿಯಿತು. 1983ರಲ್ಲಿ ಅದೇ ಕೋರ್ಟು ನೂರು ಡಾಲರಿನ ಸುಳ್ಳು ಚೆಕ್ ಕೊಟ್ಟ ಹಳೇ ಅಪರಾಧಿಯ ಜೀವಾವಧಿಯನ್ನು ಅತಿಯಾಯಿತು ಅಂತ ತೆಗೆದುಹಾಕಿತ್ತು, ಅದೂ ಐದಕ್ಕೆ ನಾಲ್ಕು. ಒಬ್ಬ ನ್ಯಾಯಮೂರ್ತಿ ಆ ಕಡೆ ವಾಲಿದರೆ ಮನೆ, ಈ ಕಡೆ ವಾಲಿದರೆ ಮಣ್ಣು. ಕೊನೆಗೆ 2012ರಲ್ಲಿ ಕ್ಯಾಲಿಫೋರ್ನಿಯಾದ ಜನರೇ ಮತ ಹಾಕಿ ಕಾಯ್ದೆಯನ್ನು ಸಡಿಲಿಸಿದರು.

ಊರ ಕಟ್ಟೆಯ ಮೇಲೆ ಇದನ್ನೆಲ್ಲ ಹೇಳಿದರೆ ನಮ್ಮ ಸೋದರಮಾವ, "ಅವ ಒಳಗಿದ್ದಷ್ಟು ದಿನ ನಮ್ಮ ಕೇಬಲ್ ಉಳೀತಾವಲ್ಲೋ" ಅಂದ. ಅದು ಸುಳ್ಳಲ್ಲ. ಮಾವನ ಎರಡು ಮೋಟರೇ ಹೋಗಿವೆ, ಮಾತಾಡುವ ಹಕ್ಕಿದೆ. ಆದರೆ ಆ ತಾಮ್ರ ಕೊಂಡವರು ಯಾರು? ಕದ್ದವನು ತಂತಿಯನ್ನು ಉಪ್ಪಿನಕಾಯಿ ಹಾಕಲಿಕ್ಕೆ ಒಯ್ದನೇ? ಗುಜರಿ ಅಂಗಡಿಯಲ್ಲಿ ಸುಟ್ಟ ತಾಮ್ರ ಕೆ.ಜಿ. ಲೆಕ್ಕದಲ್ಲಿ ತೂಗುವವರಿಗೆ ಅದು ಯಾರ ಹೊಲದಿಂದ ಬರುತ್ತದೆ ಅಂತ ಗೊತ್ತಿಲ್ಲವೇ? ಕಳ್ಳಮಾಲು ಕೊಳ್ಳುವುದನ್ನೇ ರೂಢಿ ಮಾಡಿಕೊಂಡವನಿಗೂ ಜೀವಾವಧಿ ತನಕ ಶಿಕ್ಷೆ ಕೊಡಬಹುದು ಅಂತ ಇದೇ ಸಂಹಿತೆಯ 317ರಲ್ಲಿದೆ. ಪೇದೆಗೆ 13 ಬಾಯಿಪಾಠ, 317ರ ಸುದ್ದಿ ಎತ್ತಲಿಲ್ಲ.

ಮತ್ತೆ ವರಾಂಡಕ್ಕೇ ಬರುತ್ತೇನೆ. ಹುಡುಗ ವಕೀಲ ಸಾವರಿಸಿಕೊಂಡು, "ಹೆದರಬ್ಯಾಡ್ರಿ ಅಕ್ಕಾ, ಈ ಕೋರ್ಟಿನ್ಯಾಗ ಮೂರು ವರ್ಷಕ್ಕಿಂತ ಹೆಚ್ಚು ಹಾಕಾಕ ಬರಂಗಿಲ್ಲ" ಅಂದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಏನೋ ಎಣಿಸಿದಳು. ಎರಡೇ ಯಾಕಮ್ಮ ಅಂತ ನಾನು ಕೇಳಿದೆ, ನನಗೆ ಸಂಬಂಧವಿರಲಿಲ್ಲ, ತಡೆಯಲಾಗಲಿಲ್ಲ.

"ಅಷ್ಟರಾಗ ಮಗಳದು ಹತ್ತನೇತ್ತೆ ಮುಗೀತದ್ರಿ. ಇವ ಮನ್ಯಾಗಿದ್ರ ಆಕಿ ದುಡ್ಡೂ ಬಿಡಂಗಿಲ್ಲ, ಪುಸ್ತಕಾನೂ ಬಿಡಂಗಿಲ್ಲ. ಆಮ್ಯಾಲ ಬರ್ಲಿ. ಆಕಿ ಲಗ್ನಕ್ಕ ಅಪ್ಪ ಬೇಕಲ್ರಿ." ಬಳ್ಳಾರಿ ಜೈಲಿಗೆ ಹಾಕಿದರೂ ತೊಂದರೆ ಇಲ್ಲವಂತೆ, ಹೆಂಗಸರಿಗೆ ಬಸ್ಸು ಪುಕ್ಕಟೆ.

ಆ ವರಾಂಡದಲ್ಲಿ ಶಿಕ್ಷೆಯ ಅಳತೆಗೆ ಕಾರಣ ಕೊಟ್ಟವಳು ಅವಳೊಬ್ಬಳೇ. ಪೇದೆಗೆ ಸಿಟ್ಟಿತ್ತು, ಮಾವನಿಗೆ ಹೆದರಿಕೆ ಇದೆ, ನನಗೆ ಸಸಿಮಡಿಯ ಲೆಕ್ಕವಿತ್ತು. ಕೇಬಲ್ಲಿಗೆ ಒಬ್ಬನ ಇಡೀ ಆಯುಷ್ಯ ಕೊಡಿ ಅಂತ ನಾನಂತೂ ಯಾವ ಕೋರ್ಟಿನಲ್ಲೂ ಕೇಳಲಾರೆ. ಕೇಳಬೇಕಾದ್ದು ಬೇರೆ ಇದೆ. ಮುಂದಿನ ವಾಯಿದೆಗೆ ಹೋದಾಗ ಚಾರ್ಜ್‌ಶೀಟಿನಲ್ಲಿ ಗುಜರಿಯವನ ಹೆಸರು ಯಾಕಿಲ್ಲ ಅಂತ ಸರಕಾರಿ ವಕೀಲರನ್ನು ಕೇಳುವವನಿದ್ದೇನೆ. ಮಾವನೂ ಬರುತ್ತೇನೆ ಅಂದಿದ್ದಾನೆ.