ರಿಮೋಟ್ ಕೆಟ್ಟಿರಲಿಲ್ಲ

ಪರದೇಶಕ್ಕೆ ಬಂದು ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಶುರುಮಾಡಿ ಕೆಲವೇ ವಾರ ಆಗಿತ್ತು. ಅವತ್ತು ಪ್ರೊಜೆಕ್ಟರಿನ ರಿಮೋಟ್ ಕೈಗೆತ್ತಿಕೊಂಡೆ. ಗುಂಡಿ ಒತ್ತಿದಾಗ ಅದರ ತುದಿಯಿಂದ ಬರುವ ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಕಾಣದು, ಫೋನಿನ ಕ್ಯಾಮೆರಾಕ್ಕೆ ಕಾಣುತ್ತದೆ. ಅದನ್ನು ತೋರಿಸಿ ಶಭಾಷ್ ಅನ್ನಿಸಿಕೊಳ್ಳುವ ಆಸೆ ನನಗೆ.

ಫೋನ್ ಹಿಡಿದು ಗುಂಡಿ ಒತ್ತಿದೆ. ಏನೂ ಇಲ್ಲ. ಇನ್ನೊಮ್ಮೆ ಒತ್ತಿದೆ. ಊಹೂಂ.

"ಸೆಲ್ ಮುಗಿದಿರಬೇಕು" ಅಂದ ಒಬ್ಬ. "ರಿಮೋಟೇ ಕೆಟ್ಟಿದೆ" ಅಂದಳು ಇನ್ನೊಬ್ಬಳು. ನನಗೂ ತಕ್ಷಣ ಏನೂ ಹೊಳೆಯಲಿಲ್ಲ. "ಸರಿ, ಹೇಗೆ ಗೊತ್ತುಮಾಡೋಣ?" ಅಂದೆ. ಸುಮ್ನೆ ಹೊತ್ತು ತಳ್ಳಲು ಕೇಳಿದ ಪ್ರಶ್ನೆ ಅದು.

ಹೊಸ ಸೆಲ್ ಹಾಕಿ ಪ್ರೊಜೆಕ್ಟರಿಗೆ ತೋರಿಸಿದರು. ಆನ್ ಆಯಿತು. ಹಾಗಾದರೆ ಸೆಲ್ಲಿನದ್ದೇ ತಪ್ಪು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಹಿಂದಿನ ಬೆಂಚಿನ ಹುಡುಗಿ ಒಪ್ಪಲಿಲ್ಲ. ಹಳೇ ಸೆಲ್ ವಾಪಸ್ ಹಾಕಿ ಒತ್ತಿದಳು. ಪ್ರೊಜೆಕ್ಟರ್ ಆಫ್ ಆಯಿತು! ರಿಮೋಟ್ ಸರಿ, ಸೆಲ್ಲೂ ಸರಿ. ಈಗ ಎಲ್ಲರ ಕಣ್ಣು ನನ್ನ ಫೋನಿನ ಮೇಲೆ.

ಸೆಲ್ಫಿ ಕ್ಯಾಮೆರಾ ಆನ್ ಮಾಡಿದ್ದೇ ತಡ, ರಿಮೋಟಿನ ತುದಿಯಲ್ಲಿ ನಸುನೇರಳೆ ಬೆಳಕು ಮಿನುಗಿತು. ಆಗ ನೆನಪಾಯಿತು: ಎಷ್ಟೋ ಫೋನುಗಳ ಹಿಂದಿನ ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಬಲವಾಗಿರುತ್ತದೆ. ಹೇಳಬೇಕು ಅನ್ನಿಸಿದರೂ ಬಾಯಿ ಬಿಗಿಹಿಡಿದೆ. ಅಷ್ಟರಲ್ಲಿ ಮಕ್ಕಳೇ ಎಲ್ಲರ ಫೋನ್ ಪರೀಕ್ಷಿಸಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಒಂದು ಫೋನಿನಲ್ಲಿ ಮಾತ್ರ ಎರಡೂ ಕಡೆ ಬೆಳಕು ಕಂಡಿತು. "ಇದನ್ನು ಅಳಿಸಿಬಿಡಲಾ?" ಎಂದು ಒಬ್ಬ ಕೇಳಿದ. ಬೇಡ ಅಂದೆ.

ನಾನು ಓದುವಾಗ ಆಗಿದ್ದರೆ ಅಳಿಸಿಯೇ ಬಿಡುತ್ತಿದ್ದೆ. ಲ್ಯಾಬಿನಲ್ಲಿ ಉತ್ತರ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುತ್ತಿತ್ತು. ಹೊಂದದಿದ್ದರೆ ರೀಡಿಂಗನ್ನೇ ತಿದ್ದುತ್ತಿದ್ದೆ, ಸುಳ್ಳೇಕೆ ಹೇಳಲಿ. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಪ್ರಿಸಂ ಬಿಡಿಸಿದ ಬಿಸಿಲಿನ ಬಣ್ಣಗಳ ಬಿಸಿ ಅಳೆಯುವಾಗ, ಕೆಂಪಿನ ಆಚೆ ಏನೂ ಕಾಣದ ಕಡೆ ಇಟ್ಟ ಥರ್ಮಾಮೀಟರ್ ಇನ್ನೂ ಜಾಸ್ತಿ ಬಿಸಿ ತೋರಿಸಿತು. ಅವರೂ ನನ್ನ ಹಾಗೆ ತಿದ್ದಿದ್ದರೆ ಇನ್‌ಫ್ರಾರೆಡ್ ಅವರ ಕೈತಪ್ಪುತ್ತಿತ್ತು, ಅಲ್ವಾ?

ಮರುದಿನ ಒಬ್ಬ ಮನೆಯ ಟಿವಿ ರಿಮೋಟನ್ನೇ ಬ್ಯಾಗಿನಲ್ಲಿ ತಂದಿದ್ದ. ಚಾನೆಲ್ ಬದಲಿಸುವ ಗುಂಡಿ ಒತ್ತಿದರೆ ಯಾವ ಕ್ಯಾಮೆರಾದಲ್ಲೂ ಬೆಳಕಿಲ್ಲ. ಮನೆಯಲ್ಲಿ ಮಾತ್ರ ಗೋಡೆಯ ಆಚೆಯಿಂದಲೂ ಚಾನೆಲ್ ಬದಲಾಗುತ್ತದಂತೆ. ಬ್ಲೂಟೂತ್ ಇರಬೇಕು ಎಂಬ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡು, ಅವನ ಕೈಗೆ ಚಾಕ್ ಕೊಟ್ಟೆ.