ವೀರಗಲ್ಲಿನ ಬೆನ್ನು

11 ಫೆಬ್ರವರಿ 2024, ಭಾನುವಾರ

ಹೋದ ವಾರ ಅಜ್ಜಿ ಊರಿನ ಕೆರೆ ಏರಿ ಮೇಲಿರುವ ವೀರಗಲ್ಲಿನ 164 ಫೋಟೊ ತೆಗೆದುಕೊಂಡು ಬಂದಿದ್ದೆ. ಇವತ್ತು ಬೆಳಿಗ್ಗೆಯಿಂದ ಅದರದ್ದೇ ಕೆಲಸ. ಫೋಟೊಗಳಿಂದ 3ಡಿ ಮಾಡೆಲ್ ಕಟ್ಟುವ ಮೆಶ್‌ರೂಮ್ ಸಾಫ್ಟ್‌ವೇರ್ ಆಕಾರವನ್ನು ಚೆನ್ನಾಗಿಯೇ ಕಟ್ಟಿಕೊಟ್ಟಿತು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಎಲ್ಲ ಇವೆ. ಬಣ್ಣದ್ದೇ ಗೋಳು.

ಹನ್ನೊಂದು ಗಂಟೆ ಬಿಸಿಲಲ್ಲಿ ತೆಗೆದಿದ್ದು ನನ್ನದೇ ತಪ್ಪು. ನೆರಳೆಲ್ಲ ಕಲ್ಲಿನ ಬಣ್ಣಕ್ಕೇ ಅಂಟಿಕೊಂಡಿದೆ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ದೀಪ ಎಲ್ಲಿಟ್ಟರೂ ಕುದುರೆಯ ನೆರಳು ಬಲಕ್ಕೇ. ಇನ್ನು ಬೆನ್ನು ಮುಳ್ಳುಬೇಲಿಗೆ ಒರಗಿತ್ತು, ಕ್ಯಾಮೆರಾ ತೂರಲಿಲ್ಲ. ಅಲ್ಲಿ ಬರೀ ಬೂದು.

ಸರಿ, ಚಿತ್ರ ಬರೆಯುವ ಎಐ ಸ್ಟೇಬಲ್ ಡಿಫ್ಯೂಷನ್‌ಗೆ, ಕೊಟ್ಟ ಆಕಾರ ಬಿಟ್ಟು ಹೋಗದಂತೆ ನೋಡಿಕೊಳ್ಳುವ ಕಂಟ್ರೋಲ್‌ನೆಟ್ ಜೋಡಿಸಿದೆ. ಮಾಡೆಲ್‌ನ ಒಂದು ಬದಿಯ ಡೆಪ್ತ್ ಚಿತ್ರ ಕೊಡಬೇಕು. ಹತ್ತಿರದ್ದು ಬಿಳಿ, ದೂರದ್ದು ಕಪ್ಪು. ಆ ಉಬ್ಬುತಗ್ಗಿಗೆ ಹೊಂದುವ ಕಲ್ಲಿನ ಚಿತ್ರ ಬರುತ್ತದೆ. ಅದನ್ನು ಪ್ರೊಜೆಕ್ಟರ್‌ನಲ್ಲಿ ಬಿಟ್ಟ ಹಾಗೆ ಮಾಡೆಲ್ ಮೇಲೆ ಬಿಡುವುದು, ತಿರುಗಿಸುವುದು, ಮತ್ತೆ ಬಿಡುವುದು. ಮೊದಲ ಸಲ ನಾಲ್ಕು ಬದಿಯನ್ನೂ ಬೇರೆ ಬೇರೆ ಬರೆಸಿದೆ. ನಾಲ್ಕು ಊರಿನ ಕಲ್ಲು ತಂದು ಅಂಟಿಸಿದ ಹಾಗಾಯ್ತು! ಎರಡನೇ ಸಲ ಒಂದು ಬದಿ ಮುಗಿಸಿ, ಸ್ವಲ್ಪ ತಿರುಗಿಸಿ, ಖಾಲಿ ಉಳಿದಷ್ಟನ್ನೇ ತುಂಬಲು ಬಿಟ್ಟೆ. ಆಗ ಪಕ್ಕದ ಬಣ್ಣ ನೋಡಿಕೊಂಡು ತುಂಬುತ್ತದೆ. ಬೆನ್ನಿಗೆ ಪಾಚಿ ಕೂಡ ಬಂತು. ಬೇಲಿ ಹಿಂದೆ ನಾನೇ ಹೋಗಿ ಮುಟ್ಟಿ ಬಂದಿದ್ದೆನೇನೋ ಅನ್ನಿಸಿತು.

ಆಮೇಲೆ ಜೂಮ್ ಮಾಡಿದೆ. ಹಂತಗಳ ನಡುವಿನ ಪಟ್ಟಿಯಲ್ಲಿ ಎರಡು ಸಾಲು ಸವೆದ ಶಾಸನ ಇದೆ. ಅಕ್ಷರ ತೀರಾ ತೆಳು, ಡೆಪ್ತ್ ಚಿತ್ರದಲ್ಲಿ ಬರೀ ತರಿತರಿಯಾಗಿ ಕಾಣುತ್ತದೆ. ಆ ತರಿಯ ಮೇಲೆ ಎಐ ಸುಮ್ನೆ ತನಗೆ ತೋಚಿದ್ದನ್ನು ಕೆತ್ತಿಬಿಟ್ಟಿದೆ. ತಲೆಕಟ್ಟು, ಕೊಂಬು, ಸುರುಳಿ, ಎಲ್ಲ ಅಕ್ಷರದ ಹಾಗೇ. ಓದಲು ಹೋದರೆ ಯಾವ ಭಾಷೆಯೂ ಅಲ್ಲ. ಪಾಚಿ ಸುಳ್ಳಾದರೆ ಆಗಲಿ ಬಿಡಿ. ಇದನ್ನು ನಾಳೆ ಯಾರಾದರೂ ಭೂತಗನ್ನಡಿ ಹಿಡಿದು ಓದಲು ಕೂತರೆ?

ಪಟ್ಟಿಗೆ ಮಾಸ್ಕ್ ಹಾಕಿ ಫೋಟೊದ ಬಣ್ಣವನ್ನೇ ವಾಪಸ್ ಇಟ್ಟೆ, ನೆರಳಿನ ಸಮೇತ. ಬೆನ್ನನ್ನು ಬೇರೆ ಫೈಲ್ ಮಾಡಿ ‘ಊಹೆ’ ಅಂತ ಹೆಸರು ಕೊಟ್ಟೆ.

ರಾತ್ರಿ ಮಾವ ಫೋನ್ ಮಾಡಿದ್ದರು. ಬೇಲಿ ಸರಿಸಲು ಅರ್ಧ ಗಂಟೆ ಸಾಕಂತೆ. ಬಿಸಿಲೇರುವ ಮೊದಲೇ ಬಾ ಅಂದರು.